ಚುಚ್ಚಿದರೆ ಗೊತ್ತಾಗುತ್ತಾ

"ತೆಗಿಯೇ ಅದನ್ನ, ದರಿದ್ರದವಳೇ. ನನ್ನ ಮಗಳು ಮದುವೆಗೆ ಹಾಕ್ಕೊಳ್ಳೋ ಹಾರ, ನಿನ್ನ ಬೆವರು ಕುತ್ತಿಗೆಗೆ ಉಜ್ತೀಯಾ?"

ಧಣಿ ಕೆಲಸದ ಕೋಣೆಯ ಬಾಗಿಲಲ್ಲೇ ನಿಂತು ಕೂಗಿದ. ಪಕ್ಕದಲ್ಲಿ ಮಗಳು ಸತ್ತ ಇಲಿ ಕಂಡವಳ ಹಾಗೆ ಮೂಗು ಮುಚ್ಚಿಕೊಂಡಿದ್ದಳು. ಗುಬ್ಬಿ ಹಾರವನ್ನು ಕೊರಳಿಂದ ಇಳಿಸಿದಳು. ಆಳು ಗಿಡ್ಡ ಎಂದು ಎಲ್ಲರೂ ಇಟ್ಟ ಹೆಸರದು, ಕೈಕೆಲಸವೇನೂ ಗಿಡ್ಡವಲ್ಲ. ಕೂದಲೆಳೆಯಂಥ ಬೆಳ್ಳಿ ತಂತಿ ಹೆಣೆದು, ಬಳ್ಳಿಗೆ ಬಳ್ಳಿ ಸುತ್ತಿ, ಎಲ್ಲಿಯೂ ಬೆಸುಗೆ ಹಾಕದೆ ಮೊಗ್ಗು ಮೂಡಿಸಿದ್ದಳು. ಇನ್ನೇನು ಅರಳಿಬಿಡುತ್ತವೆ ಅನ್ನಬೇಕು, ಹಾಗಿದ್ದವು.

"ಚೂಪು ಉಳಿದಿದ್ಯಾ ಅಂತ ನೋಡ್ತಿದ್ದೆ ಧಣಿ. ಅಮ್ಮಾವ್ರ ಕತ್ತಿಗೆ ಚುಚ್ಬಾರ್ದಲ್ಲ."

"ನೋಡೋಕೆ ಬೆರಳಿಲ್ವಾ ನಿಂಗೆ?"

ಇಲ್ಲೇ ಗುಬ್ಬಿ ಎಡವಿದ್ದು. ಅಲ್ಲಿ ಸಾಲಾಗಿ ಕೂತು ತಂತಿ ಹೆಣೆಯುವ ಯಾವ ಹೆಂಗಸೂ ಧಣಿಯೆದುರು ಆಡದ ಮಾತನ್ನು ಆಡಿಬಿಟ್ಟಳು.

"ತಂತಿ ಎಳ್ದೂ ಎಳ್ದೂ ಬೆರಳು ಸತ್ತೋಗಿದೆ ಧಣಿ. ಚುಚ್ಚಿದ್ರೂ ಗೊತ್ತಾಗಲ್ಲ. ಅದಕ್ಕೇ ಎಲ್ರೂ ಕುತ್ತಿಗೆಗೆ ಉಜ್ಜಿ ನೋಡೋದು."

ಎಲ್ಲರ ಇಕ್ಕಳಗಳೂ ನಿಂತವು. ಧಣಿ ನಕ್ಕ. ತಂತಿಯ ತುಂಡೊಂದನ್ನು ಎತ್ತಿ ಅವಳ ಬೆರಳಿಗೆ ಒತ್ತಿದ. ರಕ್ತ ಬಂತು. ಗುಬ್ಬಿ ಯಾರದೋ ಬೆರಳೆಂಬಂತೆ ನೋಡುತ್ತಿದ್ದಳು.

"ಹೆಣದ ಕೈಗೆ ನಾನು ಕೂಲಿ ಕೊಡ್ಬೇಕಾ? ಎಲ್ರೂ ಕೈ ಚಾಚ್ರೇ ಮುಂಡೇವಾ."

ಪಕ್ಕದಲ್ಲಿ ಕೂತವಳು ಅತ್ತಿಗೆ, ಗುಬ್ಬಿಯ ಗಂಡನ ಅಕ್ಕ. ಎರಡು ಸಂಸಾರವೂ ಮಲಗುವುದು ಧಣಿ ಕೊಟ್ಟ ಹಿತ್ತಲ ಕೋಣೆಯೊಂದರಲ್ಲೇ. ಅವಳ ಬೆರಳೂ ಸತ್ತು ಯಾವ ಕಾಲವಾಯಿತೋ. ಆದರೂ ತಂತಿ ತಾಗಿದ್ದೇ ತಡ, "ಅಯ್ಯಯ್ಯೋ, ನೋವು" ಎಂದು ಕಿರುಚಿದಳು. ಮುಂದಿನವಳೂ ಕಿರುಚಿದಳು. ಸಾಲಿಗೆ ಸಾಲೇ ಕಿರುಚಿತು. ಹಾಳು ಹೊಟ್ಟೆ ಎಂತೆಂಥ ನಾಟಕ ಆಡಿಸುತ್ತದಪ್ಪಾ.

"ಹಂಗಾದ್ರೆ ಇವಳೊಬ್ಬಳೇ ಹೆಣ," ಎಂದ ಧಣಿ. "ಅತ್ತಿಗೆ ಇರ್ಲಿ. ನೀನು, ನಿನ್ನ ಗಂಡ, ಮಕ್ಕಳು ಸಂಜೆಯೊಳಗೆ ಕೋಣೆ ಬಿಡಿ. ಹಾರ ಕೊಟ್ಟು ಹೋಗು, ಕುದಿಯೋ ನೀರಲ್ಲಿ ತೊಳಿಸ್ತೀನಿ."

ಗುಬ್ಬಿ ಕೊಡಲಿಲ್ಲ. ಹಾರವನ್ನು ಮತ್ತೆ ಕೊರಳಿಗೆ ಸುತ್ತಿದಳು. ಎರಡೂ ತುದಿಗಳನ್ನು ಹಿಂದಕ್ಕೆ ಬಿಗಿದು, ಇಕ್ಕಳದಲ್ಲಿ ತಿರುಚಿ, ಉಳಿದ ಬಾಲವನ್ನು ಕತ್ತರಿಸಿ ಹಾಕಿದಳು.

"ಇನ್ನು ಬಿಚ್ಚೋಕೆ ಬರಲ್ಲ. ಬೇಕಾದ್ರೆ ಕತ್ತರಿಸ್ಕೊಳ್ಳಿ."

ಧಣಿ ಕಟ್ಟರ್ ಎತ್ತಿ ಅತ್ತಿಗೆಯ ಕೈಗಿಟ್ಟ.

"ನಿಂಗೆ ಕೋಣೆ ಬೇಕಲ್ಲ? ಕತ್ತರಿಸು."

ಅತ್ತಿಗೆ ಎದ್ದು ಬಂದಳು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. "ಅಲ್ಲಾಡ್ಬೇಡ ಕಣೇ, ನಿನ್ನ ದಮ್ಮಯ್ಯ," ಎಂದಳು.

ಗುಬ್ಬಿ ಗದ್ದ ಎತ್ತಿ ಕೊರಳು ಕೊಟ್ಟಳು. ಹಾರ ಚರ್ಮಕ್ಕೆ ಕಚ್ಚಿ ಕೂತಿತ್ತು. ಅತ್ತಿಗೆಯ ಬೆರಳು ಅವಳ ಗಂಟಲ ಮೇಲೆ ತಡಕಾಡಿತು; ಯಾವುದು ತಂತಿ, ಯಾವುದು ಚರ್ಮ, ಆ ಬೆರಳಿಗೆ ತಿಳಿಯಲಿಲ್ಲ.

"ಹೂಂ, ಒತ್ತು," ಎಂದ ಧಣಿ.