ನಿಂಗವ್ವನ ಖವಾ

ಗುಂಜಿಯ ನಿಂಗವ್ವ ಹಾಲು ಕಾಸಿ ಮಾಡುತ್ತಿದ್ದ ಖವಾಕ್ಕಾಗಿ ಬೆಳಗಾವಿಯ ಮಿಠಾಯಿ ಅಂಗಡಿಯವರು ಸ್ಟೇಶನ್ನಿನಲ್ಲಿ ರೈಲಿನ ದಾರಿ ಕಾಯುತ್ತಿದ್ದ ಕಾಲವದು. 1979ರ ಬೇಸಿಗೆಯಲ್ಲಿ, ದೇಸೂರಿನಲ್ಲಿ ಬಸುರಿಯೊಬ್ಬಳ ಕುಬಸದಲ್ಲಿ ಆ ಖವಾದ ಪೇಡೆ ತಿಂದವರೆಲ್ಲ ಹೊತ್ತು ಮುಳುಗುವುದರೊಳಗೆ ವಾಂತಿ ಮಾಡಿಕೊಂಡರು. ಎಲ್ಲರೂ ಚೇತರಿಸಿಕೊಂಡರು, ಆದರೆ ನಿಂಗವ್ವನ ಖವಾ ಕೇಳುವವರಿಲ್ಲದಾಯಿತು.

ಉಳಿದ ಪೇಡೆಯನ್ನು ಪರೀಕ್ಷಿಸಿದವಳು ಕುಮುದಿನಿ, ಬೆಳಗಾವಿಯ ಪ್ರಯೋಗಾಲಯಕ್ಕೆ ಆಗಷ್ಟೇ ಸೇರಿದ್ದವಳು. ಗಾಯದ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿತು. ಮರುದಿನವೇ ಆಕೆ ಗುಂಜಿಗೆ ಹೋದಳು.

ನಿಂಗವ್ವ ಎಡಗೈಯಿಂದ ಚಹಾ ಕೊಟ್ಟಳು. ಬಲಗೈ ಸೆರಗಿನೊಳಗಿತ್ತು.

"ಕೈ ತೋರಸ್ರಿ, ನಿಂಗವ್ವಾರ."

ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಹೆಬ್ಬೆರಳ ಬುಡದಲ್ಲಿ ಕೀವುಗಟ್ಟಿತ್ತು.

"ಖವಾ ಬೆಂಕಿ ಮ್ಯಾಲ ಬೇಯತೈತಿ ಬಾಯಾರ. ಅದರಾಗ ಯಾವ ಹುಳಾ ಉಳೀತೈತ್ರಿ?"

"ಉಳಿಯೂದಿಲ್ಲ, ಖರೇ. ಆರಿದ ಮ್ಯಾಲ ಕೈಲೆ ನಾದಿ ಉಂಡಿ ಕಟ್ಟತೀರಲ್ಲ, ಆಗ ಸೇರತಾವ. ಸೆಕಿಯೊಳಗ ಇಟ್ರ ಬೆಳದು ವಿಷಾ ಬಿಡತಾವ. ಆಮ್ಯಾಲ ಎಷ್ಟ ಕುದಿಸಿದ್ರೂ ಆ ವಿಷಾ ಹೋಗೂದಿಲ್ಲ."

ನಿಂಗವ್ವ ಬಲಗೈ ತಿರುಗಿಸಿ ಗಾಯ ನೋಡಿಕೊಂಡಳು.

"ನನ್ನ ಕೈಗುಣಾನ ಕೆಟ್ಟೈತಿ ಅಂದ್ಕೊಂಡಿದ್ನಿ. ಮಂದೀನೂ ಹಂಗ ಅಂದ್ರು."

"ಕೈಗುಣ ಎಲ್ಲೂ ಹೋಗಿಲ್ಲ. ಗಾಯ ಆಗೇದ, ಮಾಯತದ."

ನಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾಯ ಮಾಯುವವರೆಗೆ ಆಕೆ ಹಾಲು ಮುಟ್ಟಲಿಲ್ಲ. ಸೊಸೆ ಅಕ್ಕವ್ವ ಖವಾ ಕಾಸಿದಳು, ಕೈ ಹಚ್ಚದೆ ಕಟ್ಟಿಗೆಯ ಸವಟಿನಿಂದ ನಾದಿದಳು. ಖವಾ ಮನೆಯಲ್ಲಿ ತಂಗದೆ ಅದೇ ದಿನ ರೈಲು ಹತ್ತತೊಡಗಿತು. ಕುಮುದಿನಿ ಪರೀಕ್ಷಿಸಿ ಚೊಕ್ಕವಿದೆ ಎಂದರೂ ಅಂಗಡಿಯವರು ಅನುಮಾನಿಸಿದರು. ಆಗ ಆಕೆ ಅವರೆದುರೇ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಗಿರಾಕಿಗಳೆಲ್ಲ ಮರಳಿದ್ದರು.

ಆಮೇಲೆ ಬೆಳಗಾವಿಗೆ ಬಂದಾಗಲೆಲ್ಲ ನಿಂಗವ್ವ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುಡಿಗೆ ಬಂದಂತೆ ಒಳಗೆ ಬರುತ್ತಿದ್ದಳು. ಒಮ್ಮೆ ಕುಮುದಿನಿ ಅವಳಿಗೆ ಗಾಜಿನ ತಟ್ಟೆಯಲ್ಲಿ ಬೆಳೆದಿದ್ದ ಅದೇ ಜಾತಿಯ ಬ್ಯಾಕ್ಟೀರಿಯಾ ತೋರಿಸಿದಳು. ಚಿನ್ನದ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ನಿಂಗವ್ವ ಬಗ್ಗಿ ನೋಡಿದಳು.

"ಏಟ ಛಂದ ಅದಾವ್ರಿ ಇವು," ಎಂದಳು.

ಕುಮುದಿನಿ ಈಗ ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದಾಳೆ, ನಿವೃತ್ತಳಾಗಿ ವರ್ಷಗಳಾದವು. ಬೆಳಗಿನ ಹಾಲು ಉಕ್ಕುವಾಗ ಆ ಮಾತು ನೆನಪಾಗಿ, ಒಲೆಯ ಮುಂದೆ ಒಬ್ಬಳೇ ನಗುತ್ತಾಳೆ.