ಅಳಿಯ ದಾರಿ ಬಿಟ್ಟ

ಔಷಧದ ಟ್ರೇ ಹೊತ್ತ ರೋಬೋ ಗಾಡಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮತ್ತೆ ಕಂಬದಂತೆ ನಿಂತುಬಿಟ್ಟಿತು. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ದೊಡ್ಡ ಸಿಸ್ಟರ್.

"ನಾನ್ಯಾಕೆ ಸರೀಬೇಕು? ನನ್ನ ವಾರ್ಡು ಇದು! ನಾಳೆ ಸಂಜೆ ಒಳಗೆ ಇದಕ್ಕೆ ನಡೆಯೋದು ಕಲಿಸಮ್ಮ, ಇಲ್ಲಾಂದ್ರೆ ವಾಪಸ್ ತಗೊಂಡು ಹೋಗು. ಅಲ್ಲಿ ರೋಗಿಗಳು ಮಾತ್ರೆಗೆ ಕಾಯ್ತಾ ಕೂತಿದ್ದಾರೆ."

ಗಾಡಿ ಕಟ್ಟಿದ ಇಂಜಿನಿಯರಳ ಮುಖ ಸಣ್ಣದಾಯಿತು. ತಂಗಿಯ ಮದುವೆಯಲ್ಲೂ ಬರೀ ಮುಖ ತೋರಿಸಿ ಓಡಿಬಂದು ಇದನ್ನು ಕಟ್ಟಿದ್ದಳು. ವಾಪಸ್ಸಾದರೆ ಅದಕ್ಕೆ ಗುಜರಿ ಕೋಣೆಯೇ ಗತಿ ಎಂದು ಅವಳ ರೋಬೋ ಲ್ಯಾಬಿನ ಮುಖ್ಯಸ್ಥರು ಹೇಳಿಯಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ 'ಅಳಿಯ' ಎಂದು ಕರೆಯುತ್ತಿದ್ದ ಈ ಗಾಡಿ ಅಲ್ಲಿ ಒಮ್ಮೆಯೂ ಹೀಗೆ ಮುಷ್ಕರ ಹೂಡಿರಲಿಲ್ಲ.

ಲ್ಯಾಬಿಗೆ ಮರಳಿ ಅದನ್ನು ಓಡಲು ಬಿಟ್ಟು, ತಲೆಯ ಮೇಲೆ ಕೈಹೊತ್ತು ಕೂತಳು. ಅಳಿಯ ಮೇಜುಗಳ ನಡುವೆ ಸಲೀಸಾಗಿ ಸುತ್ತಿತು. ಊಟ ಮಾಡುತ್ತಿದ್ದ ಮುಖ್ಯಸ್ಥರು ಡಬ್ಬಿಯಿಂದ ತಲೆಯೆತ್ತದೆಯೇ ಕಾಲು ಮಡಚಿಕೊಂಡರು. ಫೋನಿನಲ್ಲಿ ಮಾತಾಡುತ್ತಿದ್ದವನು ಗೋಡೆಗೆ ಅಂಟಿದ. ಅವಳೂ ಕುರ್ಚಿ ಎಳೆದುಕೊಂಡಳು. ಎಳೆದುಕೊಂಡವಳು ಹಾಗೇ ಬೆಚ್ಚಿ ಎದ್ದು ನಿಂತಳು.

"ಸರ್, ದಾರಿ ಬಿಟ್ಟು ಬಿಟ್ಟು ನಾವೇ ಇದನ್ನ ಕೆಡಿಸಿದ್ದೀವಿ!"

"ಅಳಿಯ ಅಂದಮೇಲೆ ಉಪಚಾರ ಬೇಡ್ವೇನಮ್ಮ?" ಎಂದು ಅವರು ನಕ್ಕರು.

ಅವಳಿಗೆ ನಗು ಬರಲಿಲ್ಲ. ಗಾಡಿಯ ಬುದ್ಧಿಗೆ ಎರಡು ಪದರ. ಮೇಲಿನದು ನಕಾಶೆ ನೋಡಿ ದಾರಿ ಯೋಚಿಸುತ್ತದೆ, ಕೆಳಗಿನದು ಚಕ್ರ ತಿರುಗಿಸುತ್ತದೆ. ಯಾರಾದರೂ ಅಡ್ಡ ಬಂದರೆ ಕೆಳಗಿನದು ನಿಂತು ಮೇಲಿನದನ್ನು ಕೇಳಬೇಕು. ಅದು ಇಡೀ ದಾರಿಯನ್ನು ಹೊಸದಾಗಿ ಲೆಕ್ಕ ಹಾಕುವಷ್ಟರಲ್ಲಿ ಎದುರಿನವರು ಒಂಚೂರು ಕದಲಿರುತ್ತಾರೆ. ಮತ್ತೆ ಮೊದಲಿನಿಂದ ಲೆಕ್ಕ. ಲ್ಯಾಬಿನಲ್ಲಿ ಎಲ್ಲರೂ ದಾರಿ ಬಿಡುತ್ತಿದ್ದರಿಂದ ಇದು ಬಯಲಾಗಿರಲೇ ಇಲ್ಲ.

"ಪಕ್ಕಕ್ಕೆ ಸರಿಯೋ ಅಧಿಕಾರ ಚಕ್ರದ ಹತ್ತಿರವೇ ಇರಲಿ ಸರ್. ಎಲ್ಲಿಗೆ ಹೋಗ್ಬೇಕು ಅಂತ ಮಾತ್ರ ಮೇಲಿನದು ಹೇಳಲಿ."

ಮೇಲಿನ ಪದರ ಮುಖ್ಯಸ್ಥರ ಸ್ವಂತ ಕೈಕೆಲಸ. ಅವರು ಡಬ್ಬಿಯ ಮುಚ್ಚಳ ಒತ್ತಿದರು. "ಎಲ್ಲರೂ ಯಜಮಾನರಾದ್ರೆ ಮನೆ ನಡೆಯುತ್ತೇನಮ್ಮ?"

"ಹಾಲು ಉಕ್ಕೋವಾಗ ಯಜಮಾನರನ್ನ ಕೇಳಿ ಒಲೆ ಆರಿಸ್ತಾರಾ ಸರ್?"

ಮುಖ್ಯಸ್ಥರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಮಾಡು. ಆದ್ರೆ ಯಾರಿಗೂ ತಾಗಬಾರದು."

ಮರುದಿನ ಸಂಜೆ ಆಸ್ಪತ್ರೆಯ ಕಾರಿಡಾರಿನ ನಟ್ಟನಡುವೆ ವಾಕರ್ ಹಿಡಿದ ಅಜ್ಜನೊಬ್ಬ ಬರುತ್ತಿದ್ದ. ಅಳಿಯ ನಿಧಾನಿಸಿತು, ಎಡಕ್ಕೆ ವಾಲಿತು. ಅಜ್ಜನೂ ಅದೇ ಕಡೆಗೆ ತೂರಾಡಿದ. ಗಾಡಿ ಒಂದಿಷ್ಟು ಹಿಂದೆ ಸರಿದು, ಬಲಕ್ಕೆ ಬಳಸಿಕೊಂಡು ಮುಂದೆ ಹೋಯಿತು.

"ನಮ್ಮನೆ ಮೊಮ್ಮಕ್ಕಳಿಗಿಂತ ಇದಕ್ಕೇ ಮರ್ಯಾದೆ ಗೊತ್ತು!" ಎಂದ ಅಜ್ಜ.

ದೊಡ್ಡ ಸಿಸ್ಟರ್ ಬೇಕೆಂದೇ ಅಡ್ಡ ನಿಂತರು. ಅವರನ್ನೂ ಬಳಸಿಕೊಂಡು ಹೋದ ಟ್ರೇ ಕೊನೆಯ ಹಾಸಿಗೆಯನ್ನು ಮುಟ್ಟಿತು. "ಇರಲಿ ಬಿಡಮ್ಮ, ಇಲ್ಲೇ ಇರಲಿ," ಎಂದರು ಸಿಸ್ಟರ್. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಖಾಲಿ ಟ್ರೇ ಹೊತ್ತು ಅಳಿಯ ಹಿಂದಿರುಗಿತು. ಪರೀಕ್ಷೆ ನೋಡಲು ಬಂದಿದ್ದ ಮುಖ್ಯಸ್ಥರು ಅಭ್ಯಾಸಬಲದಿಂದ ಗೋಡೆಗೆ ಅಂಟಿ ದಾರಿ ಬಿಟ್ಟರು. ಅವಳು ಮಾತ್ರ ಕಾರಿಡಾರಿನ ನಡುವೆ ಬಂದು ನಿಂತಳು. ಕಾಲು ತಾನಾಗಿಯೇ ಸರಿಯಲು ನೋಡಿತು. ಅವಳು ಬಿಡಲಿಲ್ಲ. ಚಕ್ರ ತಿರುಗಿತು, ಗಾಡಿ ಅವಳ ಪಕ್ಕದಿಂದ ತಣ್ಣಗೆ ಹಾದುಹೋಯಿತು, ಅವಳ ಕೋಟಿನ ಅಂಚು ಸಹ ಅಲುಗಲಿಲ್ಲ.