ಖಾಲಿ ಮಾಡೀರೇನು?

ಮೂರು ದಿನ ಬಿಡದೆ ಸುರಿದ ಮಳೆಗೆ ಹಳ್ಳ ಉಕ್ಕಿ, ರಾಜೇಶ್ವರದ ನಮ್ಮ ಓಣಿಯ ಹದಿನಾಲ್ಕು ಮನೆಗಳಿಗೂ ನೀರು ನುಗ್ಗಿತು. ಮಣ್ಣಿನ ಒಲೆಗಳು ಕರಗಿದವು. ಜೋಳದ ಹಿಟ್ಟು ಅಂಬಲಿಯಾಯಿತು. ಕೈಗೆ ಸಿಕ್ಕ ಕೌದಿ ಹೊತ್ತುಕೊಂಡು ಸರ್ಕಾರಿ ಶಾಲೆ ಸೇರಿದೆವು. ಮೇಲಿನ ಓಣಿಯವರೂ ಬಂದಿದ್ದರು. ಅವರು ಬೆಂಚಿದ್ದ ಕೋಣೆಯಲ್ಲಿ, ನಾವು ವರಾಂಡದಲ್ಲಿ. ಹೀಗೆ ಕೂಡಬೇಕೆಂದು ಯಾರೂ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಹಾರುದ್ರಪ್ಪ ಸಾಹುಕಾರರು ಬಂದರು. ಹಿಂದೆ ಅವರ ಹೊಲ, ಮುಂದೆ ಹೆದ್ದಾರಿ, ನಡುವೆ ನಮ್ಮ ಓಣಿ. ಅಲ್ಲಿ ಪೆಟ್ರೋಲ್ ಬಂಕ್ ಹಾಕುವ ಆಸೆ ಅವರಿಗೆ. ಇದು ಊರಿಗೆಲ್ಲ ಗೊತ್ತು. ಜೊತೆಗೆ ಊರಿನ ಜಮೀನು ಲೆಕ್ಕ ಬರೆಯುವ ತಲಾಟಿ, ಚಹಾದ ಕೆಟ್ಲಿ, ಹೊಸ ಕಂಬಳಿಗಳ ಗಂಟು. ಸಾಹುಕಾರರು ತಾವೇ ಸ್ಟೀಲ್ ಗ್ಲಾಸಿಗೆ ಚಹಾ ಸುರಿದು ನನ್ನ ಕೈಗಿಟ್ಟರು. ಅವರ ಹೊಲದಲ್ಲಿ ಇಪ್ಪತ್ತು ವರ್ಷ ಬೊಗಸೆಯೊಡ್ಡಿ ನೀರು ಕುಡಿದವನು ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಪಕ್ಕದ ಮನೆಯ ಸುಮನಬಾಯಿ ಗ್ಲಾಸು ಮುಟ್ಟಲಿಲ್ಲ.

"ನರಸಿಂಗ, ಇವತ್ತ್ಯಾಕ ಇಷ್ಟು ಪ್ರೀತಿ ಉಕ್ಕಾಕತ್ತದ?"

"ಸುಮ್ನಿರಕ್ಕ. ನಿನಗ ಎಲ್ಲಾದ್ರಾಗೂ ಶಕ್."

"ಹಳ್ಳ ಉಕ್ಕಿದ್ದು ನೋಡೀನಿ. ಇದು ನೋಡಿಲ್ಲ."

ತಲಾಟಿ ಒಬ್ಬೊಬ್ಬರನ್ನೇ ಕರೆದು ಒಂದೇ ಮಾತು ಕೇಳಿದ.

"ಮನಿ ಖಾಲಿ ಮಾಡೀರೇನು?"

"ಹೌದ್ರಿ, ಖಾಲಿ ಮಾಡೀವ್ರಿ" ಎಂದೆ. ಒಳಗೆ ನೀರು ನಿಂತ ಮೇಲೆ ಇನ್ನೇನು ಹೇಳಲಿ? ಅವನು ಬರೆದ. ನಾನು ಹೆಬ್ಬೆಟ್ಟೊತ್ತಿದೆ. ಕಂಬಳಿ ಸಿಕ್ಕಿತು. ಐದು ಜನ ಹೀಗೇ ಒತ್ತಿದೆವು.

ಆರನೆಯವಳು ಸುಮನಬಾಯಿ.

"ಬರದದ್ದು ಮೊದಲ ಓದಸ್ತೀನ್ರಿ. ಮಯೂರಿ, ಬಾ ಇಲ್ಲಿ."

ಮಯೂರಿ ನನ್ನ ಮಗಳು. ಹುಮನಾಬಾದಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ತಲಾಟಿ ಕಾಗದ ಮುಚ್ಚಿಡುವಷ್ಟರಲ್ಲಿ ಕಸಿದುಕೊಂಡು ಓದಿದಳು: "ಸದರಿ ಜಾಗವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟು, ಮನೆಯನ್ನು ಕಾಯಂ ಆಗಿ ಖಾಲಿ ಮಾಡಿರುತ್ತೇನೆ."

'ಕಾಯಂ' ಎಂಬುದನ್ನು ಇನ್ನೊಮ್ಮೆ ಓದಿದಳು, ನನ್ನ ಮುಖ ನೋಡುತ್ತ. ಹೊದ್ದ ಕಂಬಳಿ ಮೈ ಚುಚ್ಚತೊಡಗಿತು.

ಸಾಹುಕಾರರು ನಕ್ಕರು. "ಸರ್ಕಾರಿ ಬರವಣಿಗಿ ಹಂಗೇ ಇರ್ತದವ್ವಾ. ಹಳ್ಳದ ದಂಡಿಗಿ ಇದ್ರ ಮತ್ತ ಮುಳಗ್ತೀರಿ. ನಿಮ್ಮ ಚಲೋದಕ್ಕೇ ಮಾಡಾಕತ್ತೇನಿ."

ಸುಮನಬಾಯಿ ಅವರ ಕಡೆ ತಿರುಗಲೇ ಇಲ್ಲ. ತಲಾಟಿಗೆ ಹೇಳಿದಳು: "ಬರಕೋರಿ. ನನ್ನ ಮನಿ ಖಾಲಿ ಇಲ್ಲ. ತುಂಬೇದ. ಮೊಣಕಾಲ ಮಟ ನೀರು ತುಂಬೇದ."

"ಹಂಗ ಬರಿಯಾಕ ಬರಲ್ಲ."

"ಬರಲ್ಲಂದ್ರ ನಾನೇ ಹೋಗಿ ತುಂಬ್ತೀನಿ."

ಸೀರೆ ಎತ್ತಿ ಕಟ್ಟಿ, ಗಂಟು ತಲೆಯ ಮೇಲಿಟ್ಟುಕೊಂಡು ಕೆಸರಿಗಿಳಿದಳು. ಹಿಂದೆ ಮಯೂರಿ. ಆಮೇಲೆ ಒಬ್ಬೊಬ್ಬರಾಗಿ ಓಣಿಯೆಲ್ಲ ಎದ್ದಿತು.

ನಾನು ಕಂಬಳಿ ಮಡಚಿ ತಲಾಟಿಯ ಮುಂದಿಟ್ಟೆ. "ನನ್ನ ಹೆಬ್ಬೆಟ್ಟು ವಾಪಸ್ ಕೊಡ್ರಿ."

ಸಾಹುಕಾರರು ಐದೂ ಕಾಗದಗಳನ್ನು ಅಂಗಿಯ ಜೇಬಿಗೆ ಸೇರಿಸಿದರು. "ಚಹಾ ಕುಡಿಯಾಗ ಯಾಕ ಕೇಳ್ಲಿಲ್ಲೋ ನರಸಿಂಗ?"

ಆ ಕಾಗದಗಳು ಇನ್ನೂ ಅವರ ಹತ್ತಿರವೇ ಇವೆ. ನಾವು ಹದಿನಾಲ್ಕೂ ಮನೆಯವರು ನೀರೊಳಗೇ ಮಂಚದ ಮೇಲೆ ಕುಳಿತಿದ್ದೇವೆ. ಖಾಲಿ ಮಾಡೀರೇನು ಎಂದು ಕೇಳುವವರು ಇನ್ನು ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಈ ನೀರಿಗಿಳಿದು ಬಂದು ಕೇಳಲಿ.